ಮಜ್ಜೆಯ ಕಸಿಯೂ ಅಂಗಾಂಶಗಳ ಮೂಲವಾಸಿ ಕಣಗಳೂ

ಹೆಗ್ಗಡದೇವನಕೋಟೆ, ಹುಣಸೂರು ಸೀಮೆಗಳ ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬರೇ ಮೊದಲಾದ ಜನರಲ್ಲಿ ಕುಡುಗೋಲುಕಣದ ರಕ್ತಹೀನತೆಯೆಂಬ ಆನುವಂಶಿಕ ವ್ಯಾಧಿಯುಂಟು. ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದರ ಲಕ್ಷಣವಿರುವುದನ್ನು ಲೆಹ್ಮನ್, ಕಟ್‌ಬುಷ್ ಎಂಬ ವಿದ್ವಾಂಸರು 1952ರಲ್ಲಿಯೇ ಪ್ರಕಟಿಸಿದ್ದರು. ಈ ವ್ಯಾಧಿಯನ್ನು ಬೇರುಸಹಿತ ಕೀಳತಕ್ಕ ಚಿಕಿತ್ಸೆಗಳಲ್ಲಿ ಮಜ್ಜೆಯ ಕಸಿಯು ಮುಖ್ಯವಾದುದು. ಮಜ್ಜೆಯು ಬದಲಾದ ಬಳಿಕ ದೇಹದ ರಕ್ಷಕಕಣಗಳೆಲ್ಲವೂ ದಾನಿಯವೇ ಆಗುವುವೋ ಎಂಬುದು ಪ್ರಕೃತ ವಿಚಾರ.

ಮಜ್ಜೆಯೇ ರಕ್ತದ ತವರೆಂದು ಕ್ಯೋನಿಗ್ಸ್‌ಬರ್ಗಿನ ನಾಯ್ಮನ್ನನು ತೋರಿಸಿದ್ದು 1868ರಲ್ಲಿ. ಅದೇ ವರ್ಷ ಬರ್ಲಿನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಲಾಂಗರ್‌ಹಾನ್ಸನು ಚರ್ಮದಲ್ಲಿ ಕವಲೊಡೆದ ಕಣಗಳನ್ನು ಕಂಡು ಅವು ನರಸಂಬಂಧವಾದುವೆಂದೆಣಿಸಿದನು. ಅವು ರಕ್ಷಕಕಣಗಳೆಂದು ನಿಶ್ಚಯವಾಗಲು ನೂರು ವರ್ಷಗಳಿಗೂ ಮೇಲೆ ಹಿಡಿಯಿತು. 1972ರಲ್ಲಿ ಹಾಲೆಂಡಿನ ಫಾನ್ ಫುರ್ತ್ ಮೊದಲಾದವರು, ಅಂಗಾಂಶಗಳ ಭಕ್ಷಕಕಣಗಳೆಲ್ಲವೂ ಮಜ್ಜೆಯಿಂದ ರಕ್ತಮಾರ್ಗವಾಗಿ ಬಂದುವೇ ಎಂದು ಪ್ರತಿಪಾದಿಸಿದರು. ಈ ಮತವು ಬಹುಕಾಲ ಸಿದ್ಧಾಂತವಾಗಿಯೇ ನಿಂತಿತು.

ಇದಕ್ಕೆ ಬಾಧಕ ಒದಗಿದುದು ಕಸಿಯಿಂದಲೇ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರಮಜ್ಜೆಯನ್ನು ಪಡೆದ ಇಲಿಗಳ ರಕ್ತವು ದಾನಿಯದಾದರೂ ಚರ್ಮದ ಲಾಂಗರ್‌ಹಾನ್ಸ್ ಕಣಗಳು ಹಳೆಯ ಕುಲದವೇ ಆಗಿ ಉಳಿದುವು. ಚರ್ಮಕ್ಕೆ ಉರಿಯೂತವಾದಾಗ ಮಾತ್ರ ಹೊಸಬರು ಆ ಸ್ಥಾನವನ್ನು ಹಿಡಿದರು. ಮಿದುಳಿನ ಭಕ್ಷಕಕಣಗಳು ಭ್ರೂಣದ ಪೀತಕಕೋಶದಿಂದಲೇ (ಹಳದಿಚೀಲದಿಂದಲೇ) ಹೊರಟು ನೆಲೆಸಿದುವೆಂದು 2010ರಲ್ಲಿ ತಿಳಿದುಬಂತು. ಸುಶ್ರುತಸಂಹಿತೆಯು ರಕ್ತಕ್ಕೆ ಯಕೃತ್ಪ್ಲೀಹಗಳನ್ನು ಸ್ಥಾನವೆಂದಿದೆ; ಗರ್ಭಸ್ಥ ಶಿಶುವಿನಲ್ಲಿ ಯಕೃತ್ತು ರಕ್ತವನ್ನು ಮಾಡುವುದೂ ದಿಟ. ಇಷ್ಟರಿಂದಲೇ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೂ ಅನ್ಯಾಯ, ಚರಿತ್ರೆಗೂ ಅನ್ಯಾಯ.

ಮನುಷ್ಯರ ಚರ್ಮದಲ್ಲಿಯೂ ರೋಗಿಯ ಸ್ವಂತ ಟಿ-ಕಣಗಳು ಕಸಿಯಾದ ಮೇಲೆ ವರ್ಷಗಟ್ಟಲೆ ಉಳಿಯುವುದನ್ನು 2020ರಲ್ಲಿ ಕಂಡರು. ದಾನಿಯ ಕಣಗಳು ರೋಗಿಯ ದೇಹವನ್ನು ಪರವೆಂದೆಣಿಸಿ ಹೋರುವ ವ್ಯಾಧಿಯೊಂದುಂಟಷ್ಟೆ. ಆ ಕಲಹದಲ್ಲಿ ಈ ಹಳೆಯ ಒಕ್ಕಲುಗಳ ಪಾಲೂ ಇದೆಯೆಂದು ಆಗ ಹೊರಬಿತ್ತು. ಮೂಲವಾಸಿಗಳನ್ನು ನಿಶ್ಶೇಷವಾಗಿ ಅಳಿಸಿಬಿಡಬೇಕೇ ಹಾಗಾದರೆ? ಕುಡುಗೋಲುಕಣದ ವ್ಯಾಧಿಯ ಮಟ್ಟಿಗೆ ಅದು ಅಗತ್ಯವಲ್ಲ. 2009ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ವಯಸ್ಕರಿಗೆ ಸೌಮ್ಯಕ್ರಮದಿಂದ ಮಾಡಿದ ಕಸಿಗಳ ವೃತ್ತಾಂತ ಪ್ರಕಟವಾಯಿತು. ಒಂಬತ್ತು ಮಂದಿಯಲ್ಲಿ ಅದು ಸ್ಥಿರವಾಗಿ ನಿಂತಿತು; ಬಿಳಿಯ ಕಣಗಳಲ್ಲಿ ಎರಡು ಕುಲಗಳೂ ಬೆರೆತಿದ್ದರೂ ಕೆಂಪುಕಣಗಳು ದಾನಿಯ ಗುಣವನ್ನೇ ತಳೆದುವು. ಆದರೆ ದಾನಿಯು ಹೊಂದಬೇಕಲ್ಲ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರು ಹೊಂದುವ ಸಂಭವ ನಾಲ್ಕರಲ್ಲೊಂದು ಮಾತ್ರ. ಹಾಡಿಯ ಮಗುವಿಗೂ ಲೆಕ್ಕ ಅದೇ.