ತ್ಯಾಜ್ಯದ ಪರದೇಶ ರವಾನೆಯೂ ಭದ್ರಾತೀರದ ಅನುಭವವೂ

ತನ್ನ ಮನೆಯ ಕಸವನ್ನು ನೆರೆಯವನ ಅಂಗಳಕ್ಕೆ ಚೆಲ್ಲಬಾರದೆಂಬ ನಿಯಮವು ನೂತನವಾದುದಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ನಿರೂಪಿಸುವಾಗ, ಬೀದಿಯಲ್ಲಿ ಕಸಧೂಳನ್ನು ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗವನ್ನೂ, ಕೆಸರುನೀರು ಕಟ್ಟಿಕೊಳ್ಳುವಂತೆ ಮಾಡಿದವನಿಗೆ ಕಾಲು ಪಣವನ್ನೂ ದಂಡವಾಗಿ ವಿಧಿಸಿರುವನು. ರಾಜಮಾರ್ಗದಲ್ಲಾದರೆ ದಂಡವು ಇಮ್ಮಡಿ. ಆದರೆ ಈ ದಂಡನೀತಿಯು ಒಬ್ಬ ಅರಸನ ಆಜ್ಞೆ ನಡೆಯುವ ಸೀಮೆಗೆ ಮಾತ್ರ ಸಲ್ಲುವುದು. ಕಸವು ಹಡಗನ್ನೇರಿ ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಹೋದ ಪಕ್ಷದಲ್ಲಿ ದಂಡಿಸತಕ್ಕವರು ಯಾರು? ಈ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲೋಕದ ಮುಂದೆ ಬಂದು ನಿಂತಿತು.

1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸವನ್ನು ಸುಟ್ಟ ಬೂದಿ ಸುಮಾರು 14,000 ಟನ್ನುಗಳಷ್ಟನ್ನು ಹೊತ್ತು 'ಖಿಯಾನ್ ಸೀ' ಎಂಬ ಹಡಗು ಹೊರಟಿತು. ರೇವಿನಿಂದ ರೇವಿಗೆ ಅಲೆದ ಆ ಹಡಗು 1988ರ ಆದಿಯಲ್ಲಿ ಹೈಟಿ ದೇಶದ ತೀರದಲ್ಲಿ ಸುಮಾರು 4,000 ಟನ್ನು ಬೂದಿಯನ್ನು ಗೊಬ್ಬರವೆಂಬ ಹೆಸರಿನಿಂದ ಸುರಿಯಿತು. ಉಳಿದುದು ಸಮುದ್ರದ ಪಾಲಾಯಿತು. ಅದೇ 1988ರಲ್ಲಿ ನೈಜೀರಿಯಾದ ಕೊಕೊ ಎಂಬ ಊರಿನಲ್ಲಿ, ಇಟಲಿಯಿಂದ ಬಂದ ವಿಷದ್ರವ್ಯದ ಸಾವಿರಾರು ಪೀಪಾಯಿಗಳು ಒಬ್ಬ ಸಾಮಾನ್ಯ ಗೃಹಸ್ಥನ ಹಿತ್ತಿಲಿನಲ್ಲಿ ಕಂಡುಬಂದವು. ಅಲ್ಪವಾದ ಮಾಸಿಕ ಬಾಡಿಗೆಯ ಆಸೆಗೆ ಜಾಗ ಕೊಟ್ಟ ಆತನಿಗೆ ಪೀಪಾಯಿಗಳ ಒಳಗೇನಿದೆಯೆಂಬುದರ ಅರಿವಿರಲಿಲ್ಲ.

ಇಂತಹ ಅನರ್ಥಗಳ ಫಲವಾಗಿ 1989ರ ಮಾರ್ಚ್ 22ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಡಂಬಡಿಕೆಯು ಏರ್ಪಟ್ಟಿತು. ಅದು 1992ರ ಮೇ 5ರಂದು ಜಾರಿಗೆ ಬಂದಿತು. ಭಾರತವೂ ಅದೇ ವರ್ಷ ಅದಕ್ಕೆ ಸೇರಿತು. ಅದರ ಸಾರವು ಮೂರು ಮಾತುಗಳಲ್ಲಿ ಅಡಗಿರುವುದು. ಕಳುಹಿಸುವವರು ವಸ್ತುವಿನ ನಿಜವಾದ ಸ್ವರೂಪವನ್ನು ತಿಳಿಸಬೇಕು; ಪಡೆಯುವ ದೇಶವು ಮುಂಚಿತವಾಗಿ ಬರಹಮೂಲಕ ಒಪ್ಪಿರಬೇಕು; ಕಾರ್ಯವು ಒಪ್ಪಿದಂತೆ ನಡೆಯದಿದ್ದರೆ ಕಳುಹಿಸಿದ ದೇಶವೇ ತನ್ನ ತ್ಯಾಜ್ಯವನ್ನು ಹಿಂದಕ್ಕೆ ಪಡೆಯಬೇಕು. ಸಿರಿವಂತ ದೇಶಗಳು ಅಪಾಯಕರ ತ್ಯಾಜ್ಯವನ್ನು ಇತರ ದೇಶಗಳಿಗೆ ಕಳುಹಿಸಲೇ ಕೂಡದೆಂಬ ತಿದ್ದುಪಡಿಯನ್ನು 1995ರಲ್ಲಿ ಅಂಗೀಕರಿಸಿದರೂ, ಅದು ಜಾರಿಗೆ ಬರಲು 2019ರವರೆಗೆ ಕಾಯಬೇಕಾಯಿತು. ಭಾರತದ 2016ರ ನಿಯಮಗಳಾದರೋ, ಅಪಾಯಕರ ತ್ಯಾಜ್ಯವನ್ನು ಕೇವಲ ವಿಲೇವಾರಿಗಾಗಿ ಒಳತರುವುದನ್ನು ನಿಷೇಧಿಸಿ, ರಫ್ತಿಗೆ ಪಡೆಯುವ ದೇಶದ ಪೂರ್ವಾನುಮತಿಯನ್ನು ವಿಧಿಸಿವೆ.

ಈ ವಿಚಾರವು ಕಡಲಾಚೆಯದೆಂದೂ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನರಿಗೆ ಇದರಿಂದ ಆಗಬೇಕಾದುದೇನೂ ಇಲ್ಲವೆಂದೂ ತೋರಬಹುದು. ವಾಸ್ತವವು ಹಾಗಿಲ್ಲ. ತ್ಯಾಜ್ಯವು ಪರದೇಶದಿಂದ ಬಂದಿಳಿಯುವುದು ಒಂದು ಬಗೆ. ಸಾರವಸ್ತುವು ಪರದೇಶಕ್ಕೆ ಹೋಗಿ, ಅದರ ತ್ಯಾಜ್ಯವು ಹುಟ್ಟಿದೆಡೆಯಲ್ಲಿಯೇ ಉಳಿಯುವುದು ಇನ್ನೊಂದು ಬಗೆ. ಎರಡರ ಫಲವೂ ಒಂದೇ. ಈ ಎರಡನೆಯ ಬಗೆಗೆ ಕುದುರೆಮುಖವೇ ನಿದರ್ಶನ.

ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆಯು ಶೃಂಗೇರಿ, ಹರಿಹರಪುರಗಳ ಮಾರ್ಗವಾಗಿ ತೀರ್ಥಹಳ್ಳಿಗೆ ಸಾಗುವಳು. ಭದ್ರೆಯು ಕುದುರೆಮುಖದ ತಪ್ಪಲನ್ನೂ ಕಳಸವನ್ನೂ ಹಾದು, ಬಾಳೆಹೊನ್ನೂರಿನ ಮೇಲೆ ಹರಿದು, ಹಿಂದೆ ಎಡೆಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಬಳಿ ಜಲಾಶಯದ ಹಿನ್ನೀರಾಗಿ ಹರಡಿಕೊಳ್ಳುವಳು. ಈ ಭದ್ರೆಯ ಮೇಲ್ದಂಡೆಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು 1969ರಲ್ಲಿ 30 ವರ್ಷಗಳ ಗುತ್ತಿಗೆಯು ಕೊಡಲ್ಪಟ್ಟಿತು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿಯು ಸ್ಥಾಪಿತವಾಯಿತು. ಯೋಜನೆಯ ಲೆಕ್ಕದಂತೆ ವರ್ಷಕ್ಕೆ ಸುಮಾರು 2 ಕೋಟಿ 25 ಲಕ್ಷ ಟನ್ನು ಅದಿರನ್ನು ಅಗೆದು, ಅರೆದು, ತೊಳೆದು, ಅದರಿಂದ 75 ಲಕ್ಷ ಟನ್ನು ಸಾರವನ್ನು ಪಡೆಯತಕ್ಕದ್ದು. ಆ ಸಾರವು ನೀರಿನೊಡನೆ ಬೆರೆತು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರನ್ನು ಸೇರಿ, ಅಲ್ಲಿಂದ ಹಡಗನ್ನೇರುವುದು. ಅಂದರೆ ಒಂದು ಪಾಲು ಕಡಲಾಚೆಗೆ, ಎರಡು ಪಾಲು ಮಲೆನಾಡಿಗೆ! ಆ ಎರಡು ಪಾಲಿನ ಕೆಸರನ್ನು ಹಿಡಿದಿಡುವುದಕ್ಕೆಂದೇ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಸುಮಾರು 100 ಮೀಟರು ಎತ್ತರದ ಕಟ್ಟೆಯನ್ನು ಕಟ್ಟಲಾಯಿತು. 1979ರ ಕ್ರಾಂತಿಯ ತರುವಾಯ ಇರಾನಿನ ಒಪ್ಪಂದವು ಮುರಿದುಬಿದ್ದರೂ, ಬೇರೆ ದೇಶಗಳ ಕೊಳ್ಳುಗರಿಗಾಗಿ ಕಾರ್ಯವು ಮುಂದುವರಿಯಿತು.

ಗಣಿಯು ಸಹಸ್ರಾರು ಮಂದಿಗೆ ಅನ್ನವನ್ನಿತ್ತಿತು, ದೇಶಕ್ಕೆ ವಿದೇಶೀ ದ್ರವ್ಯವನ್ನು ತಂದಿತು ಎಂಬುದನ್ನು ಮರೆಯಲಾಗದು. ಆದರೆ ಮಳೆಗಾಲದಲ್ಲಿ ಸಡಿಲವಾದ ಗಣಿಮಣ್ಣು ಭದ್ರೆಗೆ ಹರಿದು ಜಲಾಶಯದಲ್ಲಿ ಹೂಳಾಗುವುದೆಂಬ ಆಕ್ಷೇಪವು ಬಲವಾಯಿತು. ಗಣಿಯು ಗಂಗಡಿಕಲ್ಲು, ನೆಲ್ಲಿಬೀಡುಗಳ ಕಡೆಗೂ ಹಬ್ಬೀತೆಂಬ ಭೀತಿಯಿಂದ ಶೃಂಗೇರಿ ಕೊಪ್ಪಗಳ ಭಾಗದಲ್ಲಿ ತುಂಗಾಮೂಲವನ್ನು ಉಳಿಸಬೇಕೆಂಬ ಚಳವಳಿಯು ಎದ್ದಿತು. 1999ರಲ್ಲಿ ಗುತ್ತಿಗೆಯ ಅವಧಿ ತೀರಿತು. ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆಯು ನಿಲ್ಲಬೇಕೆಂದು ಆಜ್ಞಾಪಿಸಿತು. ಅಂತೆಯೇ ಅದು ನಿಂತಿತು.

ಕೊಂಡವರು ದೂರವಾದರು, ದುಡಿದವರು ಊರು ಬಿಟ್ಟರು. ಲಕ್ಯಾ ಕಟ್ಟೆಯ ಹಿಂದಣ ಕೆಸರು ಮಾತ್ರ ಉಳಿದಿರುವುದು. ಹೈಟಿಯಲ್ಲಿ ಸುರಿದ ಬೂದಿಯ ಒಂದು ಭಾಗವನ್ನು 2000ರಲ್ಲಿ ಅಮೆರಿಕಕ್ಕೆ ಹಿಂದಿರುಗಿಸಲಾಯಿತು. ಕೊಕೊ ಊರಿನ ಪೀಪಾಯಿಗಳನ್ನು ಇಟಲಿಯೇ ಹೊತ್ತೊಯ್ದಿತು. ಲಕ್ಯೆಯ ಕೆಸರನ್ನು ಹಿಂದಕ್ಕೆ ಕೊಂಡೊಯ್ಯೆಂದು ಹೇಳುವುದಕ್ಕೆ ಯಾವ ಒಡಂಬಡಿಕೆಯೂ ಇಲ್ಲ. ಏಕೆಂದರೆ ಅದು ಗಡಿಯನ್ನು ದಾಟಿ ಬಂದುದಲ್ಲ. ಬಾಸೆಲಿನ ನಿಯಮವು ರೇವಿನಲ್ಲಿ ಕಾವಲು ಕಾಯುವುದೇ ಹೊರತು ಬೆಟ್ಟದ ನೆತ್ತಿಯಲ್ಲಿ ಕಾಯದು. ಆದುದರಿಂದ ಸರಕು ಪರದೇಶಕ್ಕೆ ಹೊರಡುವ ಮುನ್ನವೇ ಅದರ ತ್ಯಾಜ್ಯವು ಎಲ್ಲಿ ಉಳಿಯುವುದು, ಎಷ್ಟು ಕಾಲ ಉಳಿಯುವುದು, ಅದನ್ನು ಕಾಯುವವರು ಯಾರು ಎಂಬುದನ್ನು ಹೊಳೆಯ ಕೆಳದಂಡೆಯವರನ್ನು ಕೇಳಿ ನಿರ್ಣಯಿಸುವುದು ಅವಶ್ಯವಾಗಿದೆ. ಪರದೇಶದವರ ಸಮ್ಮತಿಯನ್ನು ಬರಹದಲ್ಲಿ ಬೇಡುವ ಕಾನೂನು, ಭದ್ರೆಯ ನೀರನ್ನು ಕುಡಿಯುವವರ ಸಮ್ಮತಿಯನ್ನೂ ಅದೇ ಮರ್ಯಾದೆಯಿಂದ ಕೇಳಿದಂದು ಮಾತ್ರ ಅದು ಪೂರ್ಣವಾದೀತು.