ಬರ್ಲಿನ್‌ನ ‘ರೆಡಿಮೇಡ್’ ಹಳೇ ಪೇಟೆ

ಸಿಮೆಂಟ್ ಕಂಬ ನೆಟ್ಟು, ನಡುವೆ ಹಲಗೆ ಇಳಿಸಿ ಎರಡೇ ದಿನದಲ್ಲಿ ತೋಟಕ್ಕೆ ರೆಡಿಮೇಡ್ ಕಾಂಪೌಂಡ್ ಹಾಕುವುದನ್ನು ನೀವು ನೋಡಿರುತ್ತೀರಿ. ಇದೇ ಉಪಾಯದಿಂದ ಇಡೀ ಬಡಾವಣೆಗಳನ್ನೇ ಎಬ್ಬಿಸಿದ ದೇಶ ಪೂರ್ವ ಜರ್ಮನಿ. ಕಾರ್ಖಾನೆಯಲ್ಲಿ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆ, ಚಾವಣಿ ಎರಕ ಹೊಯ್ಯುವುದು. ಲಾರಿಯಲ್ಲಿ ತಂದು ಕ್ರೇನಿನಿಂದ ಎತ್ತಿ ಜೋಡಿಸುವುದು. 1990ರೊಳಗೆ ಎಲ್ಲರಿಗೂ ಮನೆ ಎಂದು 1973ರಲ್ಲಿ ಅಲ್ಲಿನ ಸರ್ಕಾರ ಪಣ ತೊಟ್ಟಿತ್ತು. ಹಾಗಾಗಿ ಊರೂರಿನ ಅಂಚಿನಲ್ಲಿ ಒಂದೇ ಮುಖದ ಕಟ್ಟಡಗಳು ಸಾಲುಗಟ್ಟಿದವು.

ಊರ ಹೊರಗೆ ಇದು ನಡೆಯಿತು. ಆದರೆ ಹಳೇ ಪೇಟೆಯೊಳಗೆ?

ಆ ಪ್ರಶ್ನೆ ಎದುರಾದದ್ದು ರಾಜಧಾನಿ ಪೂರ್ವ ಬರ್ಲಿನ್‌ನಲ್ಲೇ. ನಗರ ಹುಟ್ಟಿದ್ದೇ ನಿಕೊಲಾಯ್ ಚರ್ಚಿನ ಸುತ್ತಮುತ್ತ. ಎರಡನೇ ಮಹಾಯುದ್ಧದ ಬಾಂಬ್ ದಾಳಿಗೆ ಆ ಕೇರಿ ನೆಲಸಮವಾಗಿತ್ತು. ಚರ್ಚು ದಶಕಗಟ್ಟಲೆ ಮಾಡಿಲ್ಲದ ಗೋಡೆಯಾಗಿ ನಿಂತಿತ್ತು. 1987ಕ್ಕೆ ನಗರಕ್ಕೆ 750 ವರ್ಷ. ಪಶ್ಚಿಮ ಬರ್ಲಿನ್ ಕೂಡ ತನ್ನದೇ ಉತ್ಸವಕ್ಕೆ ಸಜ್ಜಾಗುತ್ತಿತ್ತು. ತೋರಿಸಿಕೊಳ್ಳಲು ಒಂದು ಹಳೇ ಊರು ಬೇಕಿತ್ತು.

ವಾಸ್ತುಶಿಲ್ಪಿ ಗ್ಯುಂಟರ್ ಶ್ಟಾನ್ ಹಳೆಯ ಓಣಿಗಳ ಜಾಡನ್ನೇ ಬಹುಮಟ್ಟಿಗೆ ಹಿಡಿದರು. ಚರ್ಚಿನ ಪಕ್ಕ ಕೆಲವು ಮನೆಗಳನ್ನು ಹಳೆಯ ರೂಪದಲ್ಲೇ ಕಟ್ಟಿಸಿದರು. ಉಳಿದ ಕಡೆ ಬಂದದ್ದು ಎರಕದ ಚಪ್ಪಡಿಗಳೇ. ಆದರೆ ಎತ್ತರಕ್ಕೆ ಕಡಿವಾಣ ಹಾಕಿದರು, ಮೇಲೆ ಮೊನಚು ಮುಖದ ಇಳಿಜಾರು ಮಾಡು ಕೊಟ್ಟರು, ಕೆಳಗೆ ಕಮಾನಿನ ಜಗಲಿ ಬಿಟ್ಟು ಅಂಗಡಿ, ಹೋಟೆಲು ಇಟ್ಟರು. ಮೇಲೆ ಸುಮಾರು 800 ಮನೆಗಳು. 1930ರ ದಶಕದಲ್ಲಿ ಸೇತುವೆ ಅಗಲೀಕರಣಕ್ಕೆಂದು ಬಿಚ್ಚಿಟ್ಟಿದ್ದ ಎಫ್ರಾಯಿಮ್ ಸೌಧದ ಕಲ್ಲುಗಳು ಪಶ್ಚಿಮ ಬರ್ಲಿನ್ ಪಾಲಾಗಿದ್ದವು. ಅವೂ ಗಡಿ ದಾಟಿ ಮರಳಿ ಬಂದವು.

ನಕಲಿ, ಆಟಿಕೆಯ ಊರು ಎಂದು ಮೂದಲಿಸಿದವರು ಬಹಳ. ಹತ್ತಿರ ನಿಂತು ನೋಡಿದರೆ ಚಪ್ಪಡಿಗಳ ನಡುವಿನ ಸಂದುಗಳು ಈಗಲೂ ಕಾಣುತ್ತವೆ. ನನಗೆ ಅದು ದೋಷವಾಗಿ ಕಾಣುವುದಿಲ್ಲ; ಯಾವ ಕಾಲದಲ್ಲಿ ಕಟ್ಟಿದ್ದೆಂದು ಗೋಡೆಯೇ ಹೇಳುತ್ತದೆ. 2018ರಲ್ಲಿ ಬರ್ಲಿನ್ ಆಡಳಿತ ಈ ಕೇರಿಯನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಹಳತರಂತೆ ಕಾಣಲೆಂದು ಕಟ್ಟಿದ ಕಾಂಕ್ರೀಟೇ ಈಗ ಇತಿಹಾಸ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಬಾಲ್ಟಿಕ್ ಕರಾವಳಿಯ ಬಳಿಯ ಗ್ರೈಫ್ಸ್‌ವಾಲ್ಡ್ ಊರನ್ನು ನೋಡಿ. 1945ರ ಏಪ್ರಿಲ್‌ನಲ್ಲಿ ಅದು ಕಾದಾಟವಿಲ್ಲದೆ ಸೋವಿಯತ್ ಸೇನೆಗೆ ಶರಣಾಯಿತು. ಹಳೇ ಪೇಟೆ ಉಳಿಯಿತು. ಮುಂದಿನ ದಶಕಗಳಲ್ಲಿ ದುರಸ್ತಿ ಕಾಣದೆ ಮನೆಗಳು ಸೋರಿದವು, ಕುಸಿದವು. 1970ರ ದಶಕದ ಕೊನೆಯಿಂದ ಅಲ್ಲಿನ ಸಾಲು ಸಾಲು ಮನೆಗಳನ್ನು ಕೆಡವಿ, ಪೇಟೆಗೆ ಹೊಂದುವಂತೆ ಮೊನಚು ಮಾಡಿನ ಚಪ್ಪಡಿ ಮನೆಗಳನ್ನು ಎಬ್ಬಿಸಿದರು.

ವಿಧಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬರ್ಲಿನ್‌ನಲ್ಲಿ ಅದು ಬರಿದಾದ ಜಾಗ ತುಂಬಿತು. ಗ್ರೈಫ್ಸ್‌ವಾಲ್ಡ್‌ನಲ್ಲಿ ನಿಂತಿದ್ದ ಮನೆಯನ್ನೇ ಉರುಳಿಸಲು ನೆಪವಾಯಿತು. ‘ಹೊಂದುವಂತೆ ಹೊಸದು ಕಟ್ಟಿಕೊಡುತ್ತೇವೆ’ ಎಂಬ ಮಾತು ಕೇಳಿದಾಗ, ಆ ಜಾಗದಲ್ಲಿ ಈಗ ಏನು ನಿಂತಿದೆ ಎಂದು ಮೊದಲು ಕೇಳಬೇಕು. ಯುದ್ಧ ಬಿಟ್ಟುಹೋದ ಮನೆಗಳನ್ನು ಅಲ್ಲಿ ಕೊಂದದ್ದು ಕಾಂಕ್ರೀಟಲ್ಲ, ಹೆಂಚು ಬದಲಿಸದೆ ಕಳೆದ ವರ್ಷಗಳು.