ಕ್ರೋಶಾ ಕಡ್ಡಿಗೆ ಸಿಕ್ಕಿದ ಜ್ಯಾಮಿತಿ

ಮೇಜಿನ ಮೇಲೆ ಹಾಸಲು ದುಂಡನೆಯ ಕ್ರೋಶಾ ಹಾಸೊಂದನ್ನು ಹೆಣೆಯಲು ಹೊರಟವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎಡವುತ್ತಾರೆ. ಸುತ್ತಿನಿಂದ ಸುತ್ತಿಗೆ ಸಾಕಷ್ಟು ಕುಣಿಕೆಗಳನ್ನು ಹೆಚ್ಚಿಸದಿದ್ದರೆ ಹಾಸಿನ ಅಂಚು ಮೇಲಕ್ಕೇಳುತ್ತದೆ. ಇನ್ನು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಅದು ಬಟ್ಟಲಾಗಿ, ಕೊನೆಗೆ ಮಗುವಿನ ಟೋಪಿಯಾಗಿಬಿಡುತ್ತದೆ. ಬೇಕಾದುದಕ್ಕಿಂತ ಹೆಚ್ಚು ಕುಣಿಕೆ ಸೇರಿಸಿದರೋ, ಅಂಚು ನೆರಿಗೆ ನೆರಿಗೆಯಾಗಿ ಅಲೆಯೇಳುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಅದು ಮೇಜಿನ ಮೇಲೆ ಸಪಾಟಾಗಿ ಕೂರುವುದಿಲ್ಲ. ಅಡುಗೆ, ಮಕ್ಕಳ ಹೋಂವರ್ಕು, ಬಂದು ಹೋಗುವ ನೆಂಟರು, ಇವೆಲ್ಲದರ ನಡುವೆ ಆಗಾಗ ಕೈಗೆತ್ತಿಕೊಂಡು ಆಗಾಗ ಕೆಳಗಿಡುವ ಕೆಲಸ ಇದು. ಎಣಿಕೆ ತಪ್ಪುವುದು ಸಹಜ. ತಪ್ಪಿದವರು ಬೇಸರದಿಂದ ಬಿಚ್ಚಿ ಮತ್ತೆ ಹೆಣೆಯುತ್ತಾರೆ.

ಈ ಎರಡು ತಪ್ಪುಗಳಲ್ಲಿ ಮೊದಲನೆಯದರ ಆಕಾರ ಗೋಳದ್ದು. ಗಣಿತಜ್ಞರಿಗೆ ಅದು ಪ್ರಾಚೀನ ಕಾಲದಿಂದ ಪರಿಚಿತ. ಎರಡನೆಯದರ ಕಥೆ ಬೇರೆ. ಆ ಅಲೆಯಂಚಿನ ಹಿಂದಿರುವ ಜ್ಯಾಮಿತಿ ಮೊದಲ ಬಾರಿಗೆ ಅಚ್ಚಾದದ್ದು 1829ರಲ್ಲಿ. ಆ ಜ್ಯಾಮಿತಿಯ ಮೇಲ್ಮೈಯೊಂದನ್ನು ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಡಬಹುದೆಂದು ಗಣಿತಜ್ಞರಿಗೆ ಹೊಳೆದದ್ದು 1997ರಲ್ಲಿ. ನಡುವಿನ ಸುಮಾರು 170 ವರ್ಷ ಅದೇ ಆಕಾರ ಮನೆಮನೆಯಲ್ಲಿ ಹೆಣೆಯಲ್ಪಟ್ಟು, ತಪ್ಪೆಂದು ಬಿಚ್ಚಲ್ಪಡುತ್ತಿತ್ತು!

ಮೊದಲು ಲೆಕ್ಕವನ್ನು ನೋಡೋಣ. ವೃತ್ತದ ಪರಿಧಿ ಅದರ ತ್ರಿಜ್ಯದ 2π ಪಟ್ಟು, ಅಂದರೆ ಸುಮಾರು 6.28 ಪಟ್ಟು. ಸಿಂಗಲ್ ಕ್ರೋಶಾದಲ್ಲಿ ಒಂದು ಕುಣಿಕೆಯ ಎತ್ತರ ಮತ್ತು ಅಗಲ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದು ಸುತ್ತು ಹೆಚ್ಚಿದಾಗ ಪರಿಧಿ ಸುಮಾರು ಆರು ಕುಣಿಕೆಗಳಷ್ಟು ಹೆಚ್ಚಬೇಕು. ಸುತ್ತಿಗೆ ಆರು ಕುಣಿಕೆ ಸೇರಿಸಬೇಕೆಂದು ಹೆಣೆಯುವವರು ಒಬ್ಬರಿಂದೊಬ್ಬರು ಕಲಿತ ನಿಯಮದ ಮೂಲ ಇದೇ. ಆರಕ್ಕಿಂತ ಕಡಿಮೆಯಾದರೆ ತ್ರಿಜ್ಯಕ್ಕೆ ತಕ್ಕಷ್ಟು ಪರಿಧಿ ಇಲ್ಲದೆ ಹಾಸು ಬಟ್ಟಲಾಗುತ್ತದೆ. ಇದು ಧನ ವಕ್ರತೆ. ಹೆಚ್ಚಾದರೆ ಪರಿಧಿಗೆ ಜಾಗ ಸಾಲದೆ ಅದು ಮೇಲೆ ಕೆಳಗೆ ಮಡಿಚಿಕೊಳ್ಳುತ್ತದೆ. ಇದು ಋಣ ವಕ್ರತೆ.

ದರ್ಜಿಗಳಿಗೂ ಇದು ಗೊತ್ತು. ರವಿಕೆಗೆ ಡಾರ್ಟ್ ಹಿಡಿಯುವುದೆಂದರೆ ಬಟ್ಟೆಯಿಂದ ಒಂದು ತ್ರಿಕೋನವನ್ನು ತೆಗೆದುಹಾಕಿದಂತೆ. ಅಲ್ಲಿ ಬಟ್ಟೆ ಉಬ್ಬುತ್ತದೆ. ಲಂಗದ ಅಂಚಿಗೆ ತ್ರಿಕೋನಾಕಾರದ ತುಂಡು ಕೂಡಿಸಿದರೆ ಅಲೆಯೇಳುತ್ತದೆ. ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಬರೀ ಬಗ್ಗಿಸಿದರೆ ಅದರ ವಕ್ರತೆ ಬದಲಾಗದು ಎಂಬುದನ್ನು ಗೌಸ್ 1827ರಲ್ಲಿ ಸಾಧಿಸಿ ತೋರಿಸಿದ. ಸಪಾಟು ಬಟ್ಟೆಯನ್ನು ಕತ್ತರಿಸದೆ, ಹೊಲಿಯದೆ ಮೈಗೆ ಒಪ್ಪುವಂತೆ ಮಾಡಲು ಏಕೆ ಕಷ್ಟ ಎಂಬ ಪ್ರಶ್ನೆಗೂ ಇದರಲ್ಲಿ ಅರ್ಧ ಉತ್ತರವಿದೆ. ಉಳಿದರ್ಧವನ್ನು ಯೋಚಿಸಿದವನು ರಷ್ಯದ ಗಣಿತಜ್ಞ ಚೆಬಿಶೇವ್. 1878ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಭೆಯೊಂದರಲ್ಲಿ ಆತ ಮಾತನಾಡಿದ ವಿಷಯ ‘ಬಟ್ಟೆ ಕತ್ತರಿಸುವುದು’! ನೇಯ್ದ ಬಟ್ಟೆಯ ಹಾಸುನೂಲು, ಹೊಕ್ಕುನೂಲುಗಳು ಹಿಗ್ಗುವುದಿಲ್ಲ; ಆದರೆ ಅವು ಒಂದನ್ನೊಂದು ಹಾಯುವ ಕೋನ ಬದಲಾಗಬಲ್ಲದು. ಹೀಗಾಗಿ ಬಟ್ಟೆ ಕಾಗದಕ್ಕಿಂತ ಚೆನ್ನಾಗಿ ಮೈಗೆ ಕೂರುತ್ತದೆ. ಪ್ರತಿ ಚೌಕುಳಿಯ ಎದುರುಬದುರು ಬದಿಗಳು ಸಮವಾಗಿಯೇ ಉಳಿದು, ಕೋನಗಳು ಮಾತ್ರ ಬದಲಾಗುವ ಇಂಥ ಬಲೆಗೆ ಇಂದಿಗೂ ಚೆಬಿಶೇವ್ ಬಲೆ ಎಂದೇ ಹೆಸರು. ಈ ಬಲೆ ಮುಂದೆ ಅನಿರೀಕ್ಷಿತ ಜಾಗದಲ್ಲಿ ಮತ್ತೆ ಕಾಣಿಸುತ್ತದೆ, ನೆನಪಿರಲಿ.

ಅಲೆಯಂಚಿನ ಜ್ಯಾಮಿತಿಗೆ ಬರಬೇಕಾದರೆ ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆಯನ್ನು ಹಾದುಬರಬೇಕು. ಶಾಲೆಯಲ್ಲಿ ಅದನ್ನು ಹೀಗೆ ಹೇಳಿಕೊಡುತ್ತೇವೆ: ಒಂದು ಸರಳರೇಖೆಗೆ ಅದರ ಹೊರಗಿನ ಬಿಂದುವಿನ ಮೂಲಕ ಒಂದೇ ಒಂದು ಸಮಾಂತರ ರೇಖೆಯನ್ನು ಎಳೆಯಬಹುದು. ಉಳಿದ ನಾಲ್ಕು ಪ್ರತಿಜ್ಞೆಗಳಿಂದ ಇದನ್ನು ಸಾಧಿಸಲು ಶತಮಾನಗಳ ಕಾಲ ಪ್ರಯತ್ನ ನಡೆಯಿತು. 1733ರಲ್ಲಿ ಇಟಲಿಯ ಸಕೇರಿ ಅದು ತಪ್ಪೆಂದು ಭಾವಿಸಿಕೊಂಡು ವಿರೋಧಾಭಾಸ ಹುಡುಕುತ್ತಾ ಬಹುದೂರ ಹೋದ. ನಿಜವಾದ ವಿರೋಧಾಭಾಸ ಸಿಗದಿದ್ದರೂ ಸಿಕ್ಕಿತೆಂದೇ ನಂಬಿ ನಿಂತ. ಹಂಗೇರಿಯ ಫಾರ್ಕಸ್ ಬೋಯೈ ಈ ಸಮಸ್ಯೆಯಲ್ಲಿ ವರ್ಷಗಳನ್ನು ಕಳೆದು ಸೋತವನು. ಮಗ ಯಾನೋಶ್ ಅದಕ್ಕೇ ಕೈಹಾಕಿದಾಗ, ಬೇಡವೆಂದು ಕಾಗದ ಬರೆದು ಬೇಡಿಕೊಂಡ. ಮಗ ಕೇಳಲಿಲ್ಲ. ರಷ್ಯದ ಲೊಬಚೆವ್‌ಸ್ಕಿ 1829ರಲ್ಲಿ, ಯಾನೋಶ್ 1832ರಲ್ಲಿ, ಒಬ್ಬರಿಗೊಬ್ಬರ ಸುಳಿವಿಲ್ಲದೆ ಒಂದೇ ಮಾತನ್ನು ಪ್ರಕಟಿಸಿದರು: ಅಂಥ ಬಿಂದುವಿನ ಮೂಲಕ ಅನೇಕ ಸಮಾಂತರ ರೇಖೆಗಳಿರುವ, ತ್ರಿಭುಜದ ಕೋನಗಳ ಮೊತ್ತ ಯಾವಾಗಲೂ 180 ಡಿಗ್ರಿಗಿಂತ ಕಡಿಮೆ ಇರುವ ಜ್ಯಾಮಿತಿಯೊಂದು ಸಾಧ್ಯ. ಗೌಸ್‌ಗೆ ಇದು ಮೊದಲೇ ಹೊಳೆದಿತ್ತು, ಪ್ರಕಟಿಸಿರಲಿಲ್ಲ. ಈ ಜ್ಯಾಮಿತಿ ನಡೆಯುವ ತಲಕ್ಕೆ ಹೈಪರ್ಬೋಲಿಕ್ ಸಮತಲ ಎಂದು ಹೆಸರು ಬಂತು.

ಆದರೆ ಆ ಸಮತಲ ಎಲ್ಲಿದೆ? 1868ರಲ್ಲಿ ಇಟಲಿಯ ಬೆಲ್ಟ್ರಾಮಿ, ಎಲ್ಲೆಡೆಯೂ ಒಂದೇ ಪ್ರಮಾಣದ ಋಣ ವಕ್ರತೆ ಇರುವ ಮೇಲ್ಮೈಯ ಮೇಲೆ ಈ ಜ್ಯಾಮಿತಿಯ ಒಂದು ಭಾಗ ನಿಜವಾಗುತ್ತದೆಂದು ತೋರಿಸಿದ. ಆತ ಕಾಗದದ ಮಾದರಿಯನ್ನೂ ಮಾಡಿದ್ದ. ಅದು ಪಾವಿಯಾ ವಿಶ್ವವಿದ್ಯಾಲಯದಲ್ಲಿ ಉಳಿದುಬಂದಿದೆ. ಬಳಿಕ 1901ರಲ್ಲಿ ಹಿಲ್ಬರ್ಟ್ ಬಾಗಿಲು ಮುಚ್ಚಿದ: ಇಡೀ ಹೈಪರ್ಬೋಲಿಕ್ ಸಮತಲವನ್ನು ನಮ್ಮ ಮೂರು ಆಯಾಮಗಳ ಅವಕಾಶದಲ್ಲಿ, ಎಲ್ಲಿಯೂ ಮುರಿಯದ ನಯವಾದ ಮೇಲ್ಮೈಯಾಗಿ ಕೂರಿಸುವುದು ಅಸಾಧ್ಯ. ಆತನ ಸಾಧನೆಯ ನಡುವೆ ಕುಳಿತಿರುವುದು ಚೆಬಿಶೇವನ ದರ್ಜಿ ಬಲೆ! ಅಂಥ ಮೇಲ್ಮೈ ಇದ್ದಿದ್ದರೆ ಅದರ ಮೇಲಿನ ಕೆಲವು ವಿಶೇಷ ರೇಖೆಗಳು ಅದೇ ಬಗೆಯ ಬಲೆಯಾಗುತ್ತವೆ. ಆ ಬಲೆ ಎಷ್ಟೇ ದೊಡ್ಡದಾದರೂ ಅದರೊಳಗಿನ ವಿಸ್ತೀರ್ಣ, ಅಷ್ಟೇ ವಕ್ರತೆಯ ಚೆಂಡಿನ ಅರ್ಧಭಾಗದ ಮೈಯನ್ನು ಮೀರದು. ಹೈಪರ್ಬೋಲಿಕ್ ಸಮತಲದ ವಿಸ್ತೀರ್ಣವೋ ಅನಂತ. ಎರಡೂ ಒಟ್ಟಿಗೆ ನಿಲ್ಲವು.

ಇದರ ಪರಿಣಾಮ ತರಗತಿಗಳ ಮೇಲಾಯಿತು ಎಂದು ನನ್ನ ಅನಿಸಿಕೆ. ಈ ಸಮತಲವನ್ನು ಸೂತ್ರಗಳಲ್ಲಿ, ಇಲ್ಲವೇ ವೃತ್ತದೊಳಗೆ ಅದುಮಿದ ವಿಕೃತ ನಕ್ಷೆಯಲ್ಲಿ ಮಾತ್ರ ಕಲಿಸುವುದು ರೂಢಿಯಾಯಿತು. ಹಿಲ್ಬರ್ಟ್ ಅಸಾಧ್ಯವೆಂದದ್ದು ಇಡೀ ಸಮತಲವನ್ನು, ಒಂದು ತುಂಡನ್ನಲ್ಲ. ಆ ತುಂಡನ್ನು ಮಾಡುವ ಸುಲಭ ದಾರಿಯನ್ನು 1970ರ ದಶಕದಲ್ಲಿ ಅಮೆರಿಕದ ವಿಲಿಯಂ ಥರ್ಸ್ಟನ್ ಸೂಚಿಸಿದರು. ಬಳೆಯಾಕಾರದ ತೆಳುವಾದ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಒಂದರ ಹೊರ ಅಂಚನ್ನು ಇನ್ನೊಂದರ ಒಳ ಅಂಚಿಗೆ ಅಂಟಿಸುತ್ತಾ ಹೋಗುವುದು. ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಹೆಂಡರ್ಸನ್ ಇದನ್ನು ಥರ್ಸ್ಟನ್‌ರಿಂದ ಕಲಿತು ಪಾಠಕ್ಕೆ ಬಳಸುತ್ತಿದ್ದರು. ಆದರೆ ಅಂಟಿಸುವ ಶ್ರಮ ವಿಪರೀತ, ಮಾದರಿಯೋ ಬಲು ನಾಜೂಕು.

1997ರ ಕಾರ್ಯಾಗಾರವೊಂದರಲ್ಲಿ ಈ ಕಾಗದದ ಮಾದರಿಯನ್ನು ಕಂಡವರು ಡೈನಾ ಟೈಮಿನಾ. 1954ರಲ್ಲಿ ಲಾಟ್ವಿಯದ ರೀಗಾದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿ, ಹಿಂದಿನ ವರ್ಷವಷ್ಟೇ ಕಾರ್ನೆಲ್‌ಗೆ ಬಂದಿದ್ದರು. ಹೊಲಿಗೆ, ಹೆಣಿಗೆ ಬಾಲ್ಯದಿಂದಲೇ ಬರುತ್ತಿತ್ತು. ಕೈಯಲ್ಲಿ ಹಿಡಿದು ಎಳೆದಾಡಬಹುದಾದ ಮಾದರಿ ಬೇಕೆನಿಸಿ, ಅಂದು ರಾತ್ರಿಯೇ ಲೆಕ್ಕ ಹಾಕತೊಡಗಿದರು. ಮೊದಲು ಹಿಡಿದದ್ದು ಸ್ವೆಟರ್ ಹೆಣೆಯುವ ಕಡ್ಡಿಗಳನ್ನು. ಅದು ಕೈಕೊಟ್ಟಿತು. ನಿಟ್ಟಿಂಗ್‌ನಲ್ಲಿ ಒಂದು ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೇ ಇರಬೇಕು. ಸಾಲು ಬೆಳೆದಂತೆ ಅವುಗಳನ್ನು ಹಿಡಿದಿಡುವುದೇ ಕಷ್ಟ. ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಹಾಗಲ್ಲ. ಯಾವ ಗಳಿಗೆಯಲ್ಲೂ ತೆರೆದಿರುವುದು ಒಂದೇ ಕುಣಿಕೆ. ಉಳಿದವೆಲ್ಲ ಕಟ್ಟಿ ಮುಗಿದಿರುತ್ತವೆ. ಕರೆ ಬಂದಾಗ ಕೆಳಗಿಟ್ಟು ಎದ್ದು ಹೋಗಬಹುದು. ಮನೆಗೆಲಸದ ನಡುವೆ ಈ ಕಸುಬು ಒಗ್ಗುವುದಕ್ಕೂ, ಹೈಪರ್ಬೋಲಿಕ್ ಸಮತಲಕ್ಕೆ ಇದೇ ತಕ್ಕ ವಿಧಾನವಾದದ್ದಕ್ಕೂ ಕಾರಣ ಒಂದೇ.

ಮುಂದಿನ ಶರತ್ಕಾಲದಲ್ಲಿ ಅವರು ಜ್ಯಾಮಿತಿಯ ತರಗತಿ ತೆಗೆದುಕೊಳ್ಳಬೇಕಿತ್ತು. ಆ ಬೇಸಿಗೆಯನ್ನು ಕುಟುಂಬ ಪೆನ್ಸಿಲ್ವೇನಿಯದ ಮರಗಳ ತೋಟವೊಂದರಲ್ಲಿ ಕಳೆಯಿತು. ಇಬ್ಬರು ಹೆಣ್ಣುಮಕ್ಕಳು ಈಜು ಕಲಿಯುವಾಗ ಕೊಳದ ಪಕ್ಕದಲ್ಲಿ ಕುಳಿತು, ಅವರ ಮೇಲೊಂದು ಕಣ್ಣಿಟ್ಟೇ, ಟೈಮಿನಾ ಇಡೀ ತರಗತಿಗೆ ಸಾಕಾಗುವಷ್ಟು ಮಾದರಿಗಳನ್ನು ಹೆಣೆದರು.

ವಿಧಾನ ಸರಳ. ಸುತ್ತಿಗೆ ಇಷ್ಟೆಂದು ಕೂಡಿಸುವ ಬದಲು, ಪ್ರತಿ ಐದು (ಅಥವಾ ಹತ್ತು, ಹನ್ನೆರಡು) ಕುಣಿಕೆಗೆ ಒಂದರಂತೆ ತಪ್ಪದೆ ಹೆಚ್ಚಿಸುತ್ತಾ ಹೋಗುವುದು. ಇದು ಚಕ್ರಬಡ್ಡಿಯ ಲೆಕ್ಕ. 20 ಕುಣಿಕೆಗಳಿಂದ ಆರಂಭಿಸಿ ಐದಕ್ಕೆ ಒಂದರಂತೆ ಹೆಚ್ಚಿಸಿದರೆ 10 ಸಾಲಿನ ಬಳಿಕ ಸಾಲಿನಲ್ಲಿ ಸುಮಾರು 124, 20ರ ಬಳಿಕ 767, 30ರ ಬಳಿಕ 4,750 ಕುಣಿಕೆ! ಸಪಾಟು ಹಾಸಿನ 30ನೆಯ ಸುತ್ತಿನಲ್ಲಿ ಇರುವುದು ಸುಮಾರು 180 ಮಾತ್ರ. ಈ ಲೆಕ್ಕದಲ್ಲಿ ಬಳಸಿದ ಒಟ್ಟು ದಾರದ ಅರ್ಧಕ್ಕಿಂತ ಹೆಚ್ಚು ಭಾಗ ಯಾವಾಗಲೂ ಕೊನೆಯ ನಾಲ್ಕು ಸಾಲುಗಳಲ್ಲೇ ಇರುತ್ತದೆ. ಉತ್ಸಾಹದಲ್ಲಿ ಎರಡಕ್ಕೆ ಒಂದರಂತೆ ಹೆಚ್ಚಿಸಹೊರಟರೆ ಹತ್ತನೆಯ ಸಾಲಿಗೇ ಸಾವಿರ ದಾಟಿ, ಕೈಯಲ್ಲಿ ಉಳಿಯುವುದು ಗಟ್ಟಿಯಾದ ಉಂಡೆ. ಕುಣಿಕೆ ಸಡಿಲವಾದರೂ ತೊಂದರೆ. ಎಳೆದಾಗ ಹಿಗ್ಗಿ ವಕ್ರತೆ ಕೆಡುತ್ತದೆ.

ಹೆಂಡರ್ಸನ್ ಮತ್ತು ಟೈಮಿನಾ ಇದರ ಬಗ್ಗೆ ‘ಮ್ಯಾಥಮ್ಯಾಟಿಕಲ್ ಇಂಟೆಲಿಜೆನ್ಸರ್’ ಪತ್ರಿಕೆಯಲ್ಲಿ 2001ರಲ್ಲಿ ಲೇಖನ ಬರೆದರು. ಆಸ್ಟ್ರೇಲಿಯ ಮೂಲದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್ ಸೋದರಿಯರು 2005ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದೇ ವಿಧಾನದಿಂದ ಹವಳದ ದಿಬ್ಬವನ್ನೇ ಹೆಣೆಯಲು ಆರಂಭಿಸಿದರು. ಹವಳ ಮತ್ತು ಕೆಲವು ಕಡಲ ಜೀವಿಗಳ ಅಂಚು ಇದೇ ರೀತಿ ಅಲೆಯೇಳುತ್ತದೆ. ನಮ್ಮ ತೋಟದ ಕೋಳಿಜುಟ್ಟಿನ ಹೂವನ್ನೂ ನೋಡಬಹುದು. ಲೆಕ್ಕವನ್ನು ಬೇಕೆಂದೇ ಅಲ್ಲಲ್ಲಿ ತಪ್ಪಿಸಿದಾಗ ಹವಳ ಹೆಚ್ಚು ಜೀವಂತವಾಗಿ ಕಾಣುತ್ತದೆಂದು ಹೆಣೆದವರು ಕಂಡುಕೊಂಡರು. ಟೈಮಿನಾರ ಪುಸ್ತಕ 2009ರಲ್ಲಿ ಹೊರಬಂತು. ಅದಕ್ಕೆ ಮೊದಲು ಸಿಕ್ಕಿದ್ದು ಬ್ರಿಟನ್ನಿನಲ್ಲಿ ವರ್ಷದ ಅತಿ ವಿಚಿತ್ರ ಶೀರ್ಷಿಕೆಗೆ ಕೊಡುವ ಬಹುಮಾನ. ಅಮೆರಿಕದ ಗಣಿತ ಸಂಘದ ಆಯ್ಲರ್ ಪುಸ್ತಕ ಬಹುಮಾನ ಬಂದದ್ದು 2012ರಲ್ಲಿ.

ಟೈಮಿನಾ ಹಿಲ್ಬರ್ಟನನ್ನು ಸುಳ್ಳಾಗಿಸಿದರು ಎಂಬಂಥ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಅವರು ಹೊಸ ಪ್ರಮೇಯವನ್ನು ಸಾಧಿಸಲಿಲ್ಲ. ಕಾಗದದ ಮಾದರಿಯ ಯೋಚನೆಯೂ ಥರ್ಸ್ಟನ್‌ರದು. ಅವರು ಮಾಡಿದ್ದು, ವಿದ್ಯಾರ್ಥಿ ಬೆರಳಾಡಿಸಿ ಪರೀಕ್ಷಿಸಬಲ್ಲ ಬಾಳಿಕೆಯ ವಸ್ತುವನ್ನು. ಅದನ್ನು ಸಣ್ಣ ಕೆಲಸ ಎನ್ನುವವರು ವೃತ್ತದೊಳಗಿನ ನಕ್ಷೆಯಿಂದ ಈ ಪಾಠವನ್ನು ಒಮ್ಮೆ ಮಾಡಿ ನೋಡಬೇಕು. ಹೊಲಿಗೆ ಬೇರೆ, ಗಣಿತ ಬೇರೆ ಎಂದು ಪಿರಿಯಡ್‌ಗಳನ್ನು ಹಂಚಿದ ನಮ್ಮ ಶಾಲೆಗಳಲ್ಲಿ ಈ ಅಲೆಯಂಚಿನ ಹಾಸನ್ನು ಯಾರೂ ಗಣಿತದ ಮೇಷ್ಟರಿಗೆ ತೋರಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಪ್ರಯೋಗ ಮಾಡಬಯಸುವ ಶಿಕ್ಷಕರು ಹಿಗ್ಗದ ದಾರದಿಂದ, ಬಿಗಿಯಾಗಿ, ಹನ್ನೆರಡಕ್ಕೆ ಒಂದರಂತೆ ಹೆಚ್ಚಿಸಿ ಒಂದು ತುಂಡನ್ನು ಹೆಣೆಸಲಿ. ತುಂಡನ್ನು ಮಡಿಚಿದರೆ ಮಡಿಕೆಯ ಗೆರೆಯೇ ಆ ತಲದ ಸರಳರೇಖೆ. ಅದರ ಗುಂಟ ಬೇರೆ ಬಣ್ಣದ ದಾರ ಹೊಲಿಯಬಹುದು. ಅದರಿಂದ ಹೊರಗೆ ಒಂದು ಬಿಂದು ಗುರುತಿಸಿ, ಅದರ ಮೂಲಕ ಮೊದಲ ರೇಖೆಯನ್ನು ಮುಟ್ಟದ ಮಡಿಕೆಗಳು ಎಷ್ಟು ಸಿಗುತ್ತವೆ ನೋಡಿ. ಬಳಿಕ ಮೂರು ಮಡಿಕೆಗಳಿಂದ ತ್ರಿಭುಜ ಮಾಡಿ ಕೋನಮಾಪಕದಿಂದ ಅಳೆಯಿರಿ. ಈ ತಲದ ವಕ್ರತೆಯ ತ್ರಿಜ್ಯ ಸುಮಾರು ಹನ್ನೆರಡೂವರೆ ಸಾಲುಗಳ ಎತ್ತರದಷ್ಟು. ಸಾಲು 5 ಮಿ.ಮೀ. ಇದ್ದರೆ ಅದು 6.25 ಸೆಂ.ಮೀ. ಆಗುತ್ತದೆ. ಇದರ ವರ್ಗವನ್ನು π ಯಿಂದ ಗುಣಿಸಿದರೆ ಸುಮಾರು 123 ಚದರ ಸೆಂ.ಮೀ. ಬದಿಗಳು ಎಷ್ಟೇ ಉದ್ದವಾಗಲಿ, ಈ ತಲದ ಯಾವ ತ್ರಿಭುಜದ ವಿಸ್ತೀರ್ಣವೂ ಅಷ್ಟನ್ನು ಮುಟ್ಟುವುದಿಲ್ಲ. ಬದಿಗಳು ಬೆಳೆದಂತೆಲ್ಲ ಮೂಲೆಗಳು ಸೂಜಿಯ ಮೊನೆಯಂತೆ ಚೂಪಾಗುತ್ತಾ ಹೋಗುತ್ತವೆ.